ಅಳಿಯ ತಂದ ತಿಮಿಂಗಿಲದ ಹಲ್ಲು

“ಈ ಸುದ್ದೀನ ರಾಣಿಗೆ ಯಾರು ಹೇಳ್ತಾರೆ?”

ನಮ್ಮ ಊರಿನ ಒಡೆಯರಾದ ರಾತು ಅಪೆನಿಸಾ ಸಮುದ್ರದ ಕಡೆ ನೋಡಿಕೊಂಡು ಕೇಳಿದರು. ಒಳಗೆ ರೇಡಿಯೊ ಬೆಳಗಿನಿಂದ ಅದನ್ನೇ ಹೇಳುತ್ತಿತ್ತು: ರಾಜಧಾನಿ ಸುವಾದಲ್ಲಿ ಸೈನ್ಯ ಎರಡನೇ ಸಲ ಅಧಿಕಾರ ಹಿಡಿದಿದೆ, ಇಂಗ್ಲೆಂಡಿನ ರಾಣಿ ಇನ್ನು ಫಿಜಿಗೆ ರಾಣಿಯಲ್ಲ. ರಾಣಿ ಹೋದರೆ ಕಾಮನ್‌ವೆಲ್ತಿನಲ್ಲಿ ನಮ್ಮ ಜಾಗವೂ ಹೋಗುತ್ತದೆ ಎಂದು ಜನ ಪಿಸುಗುಟ್ಟುತ್ತಿದ್ದರು. ಬಿದ್ದುಹೋದ ಸರ್ಕಾರದ ಪರ ಮಾತಾಡಿದರೆಂದು ಸೈನ್ಯ ಹಿಡಿದೊಯ್ದವರಲ್ಲಿ ರಾತು ಅವರ ಒಬ್ಬನೇ ಮಗ, ಶಾಲೆಯ ಮೇಷ್ಟ್ರು ಸಾಮಿಸೋನಿಯೂ ಇದ್ದ.

ನಾನು ರಾತು ಅವರ ಮಾತುಗಾರ. ಸಭೆಯಲ್ಲಿ ಒಡೆಯರ ಬಾಯಿಯಾಗುವುದು ನಮ್ಮ ಮನೆತನದ ಕೆಲಸ. ಅಜ್ಜಿ ಹಾಡಿ ಕಲಿಸಿದ ವಂಶಾವಳಿಯಲ್ಲಿ ಕಡಲಾಚೆಯ ರಾಣಿಯ ಮನೆಯೂ ಬರುತ್ತದೆ. ರಾತು ಅವರ ಮುತ್ತಜ್ಜ ಆ ಮನೆಗೆ ತಿಮಿಂಗಿಲದ ಹಲ್ಲು ಕೊಟ್ಟು ನಾಡನ್ನು ಒಪ್ಪಿಸಿದರು ಎನ್ನುವ ಸಾಲು ಬಂದಾಗ ಅಜ್ಜಿ ದನಿ ತಗ್ಗಿಸುತ್ತಿದ್ದಳು.

ಮಧ್ಯಾಹ್ನ ಸೈನ್ಯದ ಲಾರಿ ಬಂತು. ಇಳಿದವನು ಲೆಫ್ಟಿನೆಂಟ್ ಇನೋಕೆ, ರಾತು ಅವರ ತಂಗಿಯ ಮಗ. ನಮ್ಮಲ್ಲಿ ಅಳಿಯ ಸೋದರಮಾವನ ಊರಿನಲ್ಲಿ ಹಂದಿ ಕೇಳಿದರೆ ಹಂದಿ, ದೋಣಿ ಕೇಳಿದರೆ ದೋಣಿ, ಇಲ್ಲ ಅನ್ನುವವರಿಲ್ಲ. ಅವನು ಬೂಟು ಬಿಚ್ಚಿದ. ಹಿಂದೆ ಬಂದ ಇಬ್ಬರು ಬಂದೂಕಿನವರು ಬೂಟಿನಲ್ಲೇ ಚಾಪೆ ತುಳಿದರು.

“ಸೊರಗಿದೀಯಲ್ಲೋ,” ಎಂದರು ರಾತು. “ಸೈನ್ಯದಲ್ಲಿ ಊಟ ಹಾಕಲ್ವಾ?”

“ಅತ್ತೆ ಬೇಯಿಸಿದ ಕೆಸುವಿನ ಗೆಡ್ಡೆ ಅಲ್ಲೆಲ್ಲಿ ಸಿಗತ್ತೆ, ಮಾವ?” ಇನೋಕೆ ನಕ್ಕ. ಬಂದೂಕಿನವರು ನಗಲಿಲ್ಲ.

“ಸಾಮಿಸೋನಿ ಹೇಗಿದಾನೆ?”

“ಜೀವಂತ ಇದಾನೆ.”

ಪರದೆಯ ಹಿಂದೆ ರಾತು ಅವರ ಹೆಂಡತಿಯ ಬಿಕ್ಕು ಕೇಳಿತು.

“ಶುಕ್ರವಾರ ಒಡೆಯರೆಲ್ಲ ಸುವಾದಲ್ಲಿ ಸೇರ್ತಾರೆ,” ಎಂದ ಇನೋಕೆ. “ರಾಣಿಗೂ ನಮಗೂ ಇನ್ನು ಸಂಬಂಧ ಇಲ್ಲ ಅಂತ ನೀವು ಎದ್ದು ಹೇಳಿಬಿಡಿ. ಅವತ್ತೇ ಸಂಜೆ ಅವನನ್ನ ನಾನೇ ಕರಕೊಂಡು ಬರ್ತೀನಿ.”

“ಹೇಳದಿದ್ರೆ?”

“ಅಲ್ಲಿರೋರು ನನ್ನ ಮಾತು ಕೇಳೋರಲ್ಲ, ಮಾವ.” ಆಮೇಲೆ ಸಿಡುಕಿದ. “ಆ ಮುದುಕಿ ನಿಮಗೇನು ಮಾಡಿದಾಳೆ? ಒಂದು ದಿನನಾದ್ರೂ ಈ ಚಾಪೆ ಮೇಲೆ ಕೂತು ಉಂಡಿದಾಳಾ?”

“ಇಲ್ಲ. ಉಂಡಿದ್ದೆಲ್ಲ ನೀನೇ.”

ಇನೋಕೆ ಮಂಡಿಯೂರಿ, ಚೀಲದಿಂದ ಹುರಿ ಕಟ್ಟಿದ ತಿಮಿಂಗಿಲದ ಹಲ್ಲನ್ನು ತೆಗೆದು ಎರಡೂ ಕೈಯಲ್ಲಿ ಮುಂದಕ್ಕೆ ಹಿಡಿದ. ಹಲ್ಲನ್ನು ಮುಟ್ಟಿದರೆ ಕೇಳಿದ್ದನ್ನು ಕೊಟ್ಟಂತೆ. ಒಮ್ಮೆ ಮುಂದೆ ಹಿಡಿದ ಹಲ್ಲನ್ನು ತಂದವನು ತಿರುಗಿ ಚೀಲಕ್ಕೆ ಹಾಕುವಂತೆಯೂ ಇಲ್ಲ. ದೇವರೇ, ಈ ಗಳಿಗೆ ದಾಟಿಸು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ರಾತು ಅವರ ಕೈ ತೊಡೆಯಿಂದ ಮೇಲೆದ್ದು ನಡುದಾರಿಯಲ್ಲಿ ನಿಂತಿತು.

“ಬರೀ ಬಂದೂಕು ತಂದಿದ್ರೆ ನೀನು ಹೇಳಿದ್ದನ್ನೆಲ್ಲ ಹೇಳ್ತಿದ್ದೆ, ಮಗಾ. ಹೆದರಿದ ಮುದುಕನ ಬಾಯಿಮಾತು ಅಂತ ಊರಿಗೆ ಗೊತ್ತಾಗ್ತಿತ್ತು, ರಾಣಿಗೂ ಗೊತ್ತಾಗ್ತಿತ್ತು. ಇದನ್ನ ಯಾಕೆ ತಂದೆ? ಇದನ್ನ ಹಿಡಿದು ಆಡಿದ ಮಾತು ನಿಜ ಆಗತ್ತೆ. ಮೊಮ್ಮಕ್ಕಳ ಕಾಲಕ್ಕೂ ನಿಜ.”

ಬಂದೂಕಿನವರಲ್ಲಿ ಒಬ್ಬ ಹೆಗಲ ಮೇಲಿನ ಬಂದೂಕಿನ ಪಟ್ಟಿ ಸಡಿಲಿಸಿದ. ಇನೋಕೆ ಹಲ್ಲನ್ನು ಇನ್ನೂ ಮುಂದಕ್ಕೆ ಚಾಚಿದ.

“ಮಾವ, ದಮ್ಮಯ್ಯ. ಇವರು ನೋಡ್ತಿದಾರೆ. ತಗೊಳ್ಳಿ.”

ರಾತು ಕೈಗಳೆರಡನ್ನೂ ತೊಡೆಯ ಕೆಳಗೆ ಒತ್ತಿಕೊಂಡರು.

“ಇಲ್ಲ. ಮುಟ್ಟೋದಿಲ್ಲ.”