ಕಾಂತಾ ಟೀಚರ್ ತಮಿಳು ಕಲಿಸಿದ್ದು

ನನ್ನ ಕೈಗೆ ಸಿಕ್ಕ ಮಗು ಭಾಷೆ ಕಲಿಯದೆ ಹೋದದ್ದಿಲ್ಲ. ಇದು ಜಂಬವಲ್ಲ, ಬೇಕಾದರೆ ನಾನು ಕಲಿಸಿದ ಶಾಲೆ ಇರುವ ನಂದಗಡದಲ್ಲಿ ಯಾರನ್ನಾದರೂ ಕೇಳಿ. ಮನೆಯಲ್ಲಿ ಬರೀ ಮರಾಠಿ ಕೇಳಿಕೊಂಡು ಬೆಳೆದು, ಕನ್ನಡ ಪುಸ್ತಕ ಕಂಡರೆ ಕಷಾಯ ಕಂಡ ಹಾಗೆ ಮುಖ ಮಾಡುವ ಎಷ್ಟೋ ಹುಡುಗರನ್ನು ನಾನು ಗದರಿಸಿ, ಮುದ್ದು ಮಾಡಿ, ಶೇಂಗಾ ಚಿಕ್ಕಿ ತಿನ್ನಿಸಿ ದಾರಿಗೆ ತಂದಿದ್ದೇನೆ. ಇವತ್ತು ಅವರೇ ಬಜಾರಿನಲ್ಲಿ ಎದುರಾದರೆ "ಟೀಚರ್, ಆರಾಮ ಅದೀರೇನ್ರೀ" ಎನ್ನುತ್ತಾರೆ. ಹೀಗಿರುವಾಗ ನನ್ನ ಸ್ವಂತ ತಮ್ಮನ ಮಕ್ಕಳೇ ನನ್ನ ಮಾನ ಕಳೆಯಲು ನಿಂತರು ಎಂದರೆ ಹೊಟ್ಟೆ ಉರಿಯುವುದೋ ಇಲ್ಲವೋ ನೀವೇ ಹೇಳಿ.

ತಮ್ಮ ಶಶಿಧರ ಬೆಳಗಾವಿ ಹತ್ತಿರದ ಮಚ್ಛೆಯಲ್ಲಿ ಒಂದು ಫೌಂಡ್ರಿಯಲ್ಲಿ ಸುಪರ್‌ವೈಸರ್. ಅವನ ಕಂಪನಿ ಕೊಯಮತ್ತೂರಿನಲ್ಲಿ ಹೊಸ ಘಟಕ ತೆರೆದು, ಮೂರು ವರ್ಷ ಅಲ್ಲಿದ್ದು ಬಾ ಎಂದಿತು. ಹೆಂಡತಿ ಸುಜಯಾ, ಮಗಳು ಸಮೃದ್ಧಿ, ಮಗ ಆಕಾಶ ಎಲ್ಲರೂ ಹೊರಡುವುದೆಂದಾಯಿತು. ಅಲ್ಲಿ ನೋಡಿದ ಶಾಲೆಯವರು ಒಂದು ಕೊಕ್ಕೆ ಹಾಕಿದರು. ತಮಿಳು ಕಲಿಯಲೇಬೇಕು, ರಜೆ ಮುಗಿಯುವ ಮೊದಲು ವಿಡಿಯೋ ಕಾಲ್ ಮಾಡಿ ಮಕ್ಕಳನ್ನು ಮಾತಾಡಿಸುತ್ತೇವೆ, ನಾಲ್ಕು ಮಾತು ಬಂದರೆ ಸರಿ, ಬರದಿದ್ದರೆ ಒಂದು ಕ್ಲಾಸು ಕೆಳಗೆ ಕೂರಿಸುತ್ತೇವೆ ಅಂದರು.

ಶಶಿಧರ ಮಕ್ಕಳನ್ನು ಖಾನಾಪುರದ ನನ್ನ ಮನೆಗೆ ತಂದು ಬಿಟ್ಟ. "ಅಕ್ಕಾ, ನೀನ ಕಲಿಸಬೇಕು. ಬರಲಿಲ್ಲಂದ್ರ ಕ್ಲಾಸ್ ಕೆಳಗ ಹಾಕಿ ಹುಡುಗರ ಮನಸ್ಸು ಮುರಿಯೂದು ಬ್ಯಾಡ. ಮೂರು ವರ್ಷ ನಿನ್ನ ಕಡೆನ ಇದ್ದು ಇಲ್ಲೇ ಸಾಲಿ ಕಲೀಲಿ" ಎಂದ.

ಮೂರ್ಖ, ಈ ಮಾತನ್ನು ಮಕ್ಕಳ ಎದುರಿಗೇ ಆಡಿದ. ಹನ್ನೆರಡರ ಸಮೃದ್ಧಿ ತಮ್ಮನ ಕಡೆ ನೋಡಿದಳು. ಎಂಟರ ಆಕಾಶ ಅಕ್ಕನ ಕಡೆ ನೋಡಿದ. ಇಬ್ಬರ ಮುಖವೂ ಅರಳಿತು. ಸುಜಯಾ ಮಾತ್ರ ಸೆರಗಿನಿಂದ ಕಣ್ಣು ಒತ್ತಿಕೊಂಡು ಒಳಗೆ ಹೋದಳು.

ನನ್ನ ಮಾತೂ ಹೇಳಿಬಿಡುತ್ತೇನೆ. ನಾನು ಮದುವೆ ಗಿದುವೆ ಎಂದು ಹೋದವಳಲ್ಲ, ಅದರ ಬಗ್ಗೆ ಕೊರಗೂ ಇಲ್ಲ. ಆದರೆ ಆ ಎರಡು ಮಕ್ಕಳು ನನ್ನ ಮನೆಯಲ್ಲಿ ಮೂರು ವರ್ಷ ಓಡಾಡಿಕೊಂಡಿರುತ್ತವೆ ಎಂದು ನೆನೆದಾಗ ನನಗೆ ರೊಟ್ಟಿ ಹಂಚಿನ ಮೇಲಿರುವುದೇ ಮರೆತುಹೋಯಿತು. ಅಂದರೆ ನಾನು ಗೆದ್ದರೆ ಮಕ್ಕಳು ಹೋಗುತ್ತಾರೆ, ಸೋತರೆ ನನ್ನ ಹತ್ತಿರ ಉಳಿಯುತ್ತಾರೆ. ಇಂಥ ಕೆಲಸವನ್ನು ಯಾವ ಟೀಚರಿಗೂ ಯಾರೂ ಕೊಡಬಾರದು.

ಆದರೂ ಕೆಲಸ ಕೆಲಸವೇ. ನನಗೆ ತಮಿಳು ಬರುವುದಿಲ್ಲ, ಅದೇನು ದೊಡ್ಡ ಮಾತು? ಬೆಳಿಗ್ಗೆ ಎದ್ದು ಫೋನಿನಲ್ಲಿ ನಾಲ್ಕಕ್ಷರ ಕಲಿಯುವುದು, ಚಹಾ ಆದ ಮೇಲೆ ಅದನ್ನೇ ಮಕ್ಕಳಿಗೆ ಕಲಿಸುವುದು ಎಂದು ಲೆಕ್ಕ ಹಾಕಿದೆ. ಮಕ್ಕಳು ಕಲ್ಲಿನ ಹಾಗೆ ಕುಳಿತರು. ಪಾಟಿ ತೆಗೆದರೆ ಆಕಾಶನಿಗೆ ಹೊಟ್ಟೆನೋವು, ಪಾಟಿ ಎತ್ತಿಟ್ಟರೆ ಅದೇ ಹೊಟ್ಟೆಗೆ ಎರಡು ಮಾವಿನಹಣ್ಣು. ಸಮೃದ್ಧಿಗೆ ಸಿಟ್ಟೂ ಇಲ್ಲ, ಅಳುವೂ ಇಲ್ಲ. "ನಮ್ಮ ತಲೀಗೆ ಹತ್ತಂಗಿಲ್ಲ ಅತ್ತಿ, ನೀ ದಣೀಬ್ಯಾಡ" ಎಂದು ನನಗೇ ಸಮಾಧಾನ ಹೇಳಿದಳು. ಶಾಲೆಯಲ್ಲಿ ಮೊದಲ ನಂಬರು ಬರುವ ಹುಡುಗಿ ಇದು. ನಾಟಕ ನೋಡಿ.

ನಾನೇನು ಬಿಡುವವಳೇ? ಮಕ್ಕಳನ್ನು ಬಸ್ಸಿಗೆ ಹಾಕಿಕೊಂಡು ಬೆಳಗಾವಿಗೆ ಹೋದೆ. ರವಿವಾರ ಪೇಟೆಯಲ್ಲಿ ತಂಗವೇಲು ಎನ್ನುವವರ ತೆಂಗಿನಕಾಯಿ, ಹುಣಸೆಹಣ್ಣಿನ ಹೋಲ್‌ಸೇಲ್ ಅಂಗಡಿ ಇದೆ. ಹುಟ್ಟಿದ್ದು ತಿರುನೆಲ್ವೇಲಿ ಕಡೆ, ವ್ಯಾಪಾರಕ್ಕೆಂದು ಇಲ್ಲಿಗೆ ಬಂದು ತಲೆಗೂದಲು ಹಣ್ಣಾಗಿದೆ. "ಇವರ ಕೂಡ ಬರೇ ತಮಿಳು ಮಾತಾಡ್ರಿ, ಬ್ಯಾರೆ ಏನೂ ಆಡಬ್ಯಾಡ್ರಿ" ಎಂದು ಹೇಳಿ ಮಕ್ಕಳನ್ನು ಚೀಲಗಳ ಮೇಲೆ ಕೂರಿಸಿದೆ.

ತಂಗವೇಲು ಪಾಪ ತಮಿಳಿನಲ್ಲೇ ಆರಂಭಿಸಿದರು. ಆಕಾಶ "ತಿಳೀವಲ್ತ್ರೀ" ಎಂದ. ಅಷ್ಟೇ. "ಊಟ ಆತೇನೋ ತಮ್ಮಾ ಅಂತ ಕೇಳಿದ್ನಿ" ಎಂದು ತಂಗವೇಲು ಅಚ್ಚ ಬೆಳಗಾವಿ ಕನ್ನಡಕ್ಕೆ ಇಳಿದುಬಿಟ್ಟರು. ಅಷ್ಟರಲ್ಲಿ ಒಬ್ಬ ಗಿರಾಕಿ ಮರಾಠಿಯಲ್ಲಿ ಬಂದ, ಅವನಿಗೆ ಮರಾಠಿ. ಇನ್ನೊಬ್ಬ ಗಿರಾಕಿ ಸಮದ ಸಾಹೇಬರು ಉರ್ದುವಿನಲ್ಲಿ ಹುಣಸೆಯ ದರ ಕೇಳಿದರು, ಅವರಿಗೆ ಉರ್ದು. ಮತ್ತೆ ಮಕ್ಕಳ ಕಡೆ ತಿರುಗಿದಾಗ ಕನ್ನಡ. ನಾನು ಕಣ್ಣು ದೊಡ್ಡದು ಮಾಡಿದೆ. ಅವರು ಕೈ ಮುಗಿದು, "ಏನ್ ಮಾಡ್ಲಿ ಟೀಚರ್, ಎದುರಿನವರು ತಿಳೀದ ಒದ್ದಾಡೂದು ನೋಡಿದ್ರ ನಾಲಿಗಿ ತಾನ ಹೊಳ್ಳತೈತಿ" ಎಂದರು.

ರೋಗ ಏನೆಂದು ನನಗೆ ಗೊತ್ತಾಯಿತು. ಅದು ತಂಗವೇಲು ಒಬ್ಬರ ರೋಗವಲ್ಲ, ನಮ್ಮ ಊರಿನದೇ. ಇಲ್ಲಿ ಯಾರನ್ನೂ ಯಾರೂ ಭಾಷೆ ಬರದೆ ಒದ್ದಾಡಲು ಬಿಡುವುದಿಲ್ಲ. ಅಂಗಡಿ ಮೆಟ್ಟಿಲನ್ನು ಗಿರಾಕಿ ಯಾವ ಭಾಷೆಯಲ್ಲಿ ಹತ್ತಿದನೋ ಮಾಲೀಕ ಅದೇ ಭಾಷೆಯಲ್ಲಿ ಕೂರಿಸುತ್ತಾನೆ. ಹೀಗೆ ಎಲ್ಲರೂ ಸೋತು ಕೊಟ್ಟರೆ ಮಕ್ಕಳು ಏನು ಕಲಿಯಬೇಕು, ಮಣ್ಣು?

"ನಿಮ್ಮ ಮನ್ಯಾಗ ಸೋಲದವರು ಯಾರೂ ಇಲ್ಲೇನ್ರಿ?" ಎಂದು ಕೇಳಿದೆ.

"ನಮ್ಮ ಅವ್ವ ಅದಾಳಲ್ರಿ" ಎಂದು ತಂಗವೇಲು ನಿಟ್ಟುಸಿರುಬಿಟ್ಟರು. ಕಣ್ಣಿನ ಆಪರೇಷನ್ನಿಗೆಂದು ತಾಯಿಯನ್ನು ಊರಿನಿಂದ ಕರೆತಂದಿದ್ದರಂತೆ. ಕಣ್ಣು ನೆಟ್ಟಗಾದರೂ ಮಗ ಕಳಿಸಲಿಲ್ಲ. ಮುದುಕಿಯೂ ಹಟ ಹಿಡಿಯಿತು. ಒಂದು ಶಬ್ದ ಕನ್ನಡ ಆಡುವುದಿಲ್ಲ, ಮರಾಠಿ ಆಡುವುದಿಲ್ಲ. ಕಲಿತರೆ ಮಗ ಇಲ್ಲೇ ಇಟ್ಟುಕೊಳ್ಳುತ್ತಾನೆ ಎಂಬ ಭಯ. ನಾನು ನನ್ನ ಪಕ್ಕದಲ್ಲಿದ್ದ ಎರಡು ಜೀವಗಳನ್ನು ನೋಡಿದೆ. ಇವರು ಹೋಗಬೇಕಾದೀತೆಂದು ಕಲಿಯುವುದಿಲ್ಲ, ಆಕೆ ಇರಬೇಕಾದೀತೆಂದು ಕಲಿಯುವುದಿಲ್ಲ. "ನಾಕು ದಿನ ನಮ್ಮಲ್ಲಿ ಕಳಸ್ರಿ, ಖಾನಾಪುರದ ಹವಾ ತಂಪೈತಿ" ಎಂದೆ. ತಂಗವೇಲು ಅವರ ಮುಖ ನೋಡಬೇಕಿತ್ತು, ಲಾಟರಿ ಹತ್ತಿದವರ ಹಾಗಿತ್ತು.

ಅಜ್ಜಿ ಬಂದಳು. ಮಕ್ಕಳು ಆಕೆಯನ್ನು ಪಾಟ್ಟಿ ಎಂದು ಕರೆಯಬೇಕೆಂದು ಹೇಳಿ ತಂಗವೇಲು ಸಂಜೆಯ ಬಸ್ಸಿಗೆ ಹೊರಟುಹೋದರು. ಮೊದಲೆರಡು ದಿನ ಪಡಸಾಲೆಯಲ್ಲಿ ಮೂರು ಮುಷ್ಕರಗಾರರು ಮೂರು ಮೂಲೆಗೆ ಕುಳಿತರು. ಬೇಸರ ಯಾರನ್ನು ಬಿಡುತ್ತದೆ? ಮೂರನೆಯ ದಿನ ಮಧ್ಯಾಹ್ನ ಸಮೃದ್ಧಿ ನೆಲದ ಮೇಲೆ ಸುಣ್ಣದ ಬಳಪದಿಂದ ಚೌಕಾಬಾರಾ ಮನೆ ಬರೆದಳು. ಅಜ್ಜಿಯ ಊರಿನಲ್ಲೂ ಅಂಥದೇ ಆಟ ಇದೆಯೆಂದು ಕಾಣುತ್ತದೆ, ಯಾರೂ ಕರೆಯದೆ ಬಂದು ಕೂತು ಕವಡೆ ಕೈಗೆ ತೆಗೆದುಕೊಂಡಳು.

ಆ ಮುದುಕಿಯಷ್ಟು ಮೋಸ ಮಾಡಿ ಆಡುವವರನ್ನು ನಾನು ಕಂಡಿಲ್ಲ. ಮೂರು ಬಿದ್ದರೆ ನಾಲ್ಕು ಮನೆ ನಡೆಸುತ್ತಾಳೆ. ಆಕಾಶ "ಮೋಸ, ಮೋಸ" ಎಂದು ಬಡಕೊಂಡ. ಅಜ್ಜಿ ಕಿವಿಯೇ ಇಲ್ಲದವರ ಹಾಗೆ ಕವಡೆ ಕುಲುಕಿದಳು. ಅವನು ನನ್ನ ಕಡೆ ಬಂದ. ನನಗೆಲ್ಲಿ ಬರಬೇಕು? ಕೊನೆಗೆ ಫೋನಿಗೇ ಕೇಳಿ, ಮೋಸ ಮಾಡಬೇಡ ಎನ್ನುವುದಕ್ಕೆ ತಮಿಳಿನಲ್ಲಿ ಏನೆನ್ನಬೇಕೆಂದು ತಿಳಿದುಕೊಂಡು ಓಡಿಹೋಗಿ, "ಏಮಾತ್ತಾದೀಂಗ ಪಾಟ್ಟಿ" ಎಂದ. ಅಜ್ಜಿಯ ಕೈ ನಿಂತಿತು. ಆಮೇಲೆ ಆಕೆ ಬಾಯಿ ತೆರೆದವಳು ಮುಚ್ಚಲಿಲ್ಲ.

ಜಗಳ ಆಡುವುದಾದರೆ ಎದುರಿನವರ ಭಾಷೆಯಲ್ಲೇ ಆಡಬೇಕು, ಇಲ್ಲದಿದ್ದರೆ ಅವರಿಗೆ ನಾಟುವುದಿಲ್ಲ. ಇದು ನಮ್ಮ ಕಡೆ ಹುಟ್ಟಿದವರಿಗೆ ಯಾರೂ ಕಲಿಸಬೇಕಾಗಿಲ್ಲ. ಆಕಾಶ ಒಂದು ಮಾತಿಗೆ ನಾಲ್ಕು ಮಾತು ಕಲಿತ. ತಮ್ಮನ ಪರ ವಕಾಲತ್ತಿಗೆಂದು ಸಮೃದ್ಧಿ ಇಳಿದಳು. ಕೆಲವೇ ದಿನಗಳಲ್ಲಿ ಜಗಳ ಹೋಗಿ ಹರಟೆ ಆಯಿತು, ಹರಟೆ ಹೋಗಿ ಗುಟ್ಟು ಆಯಿತು. ಮೂವರೂ ನನ್ನ ಕಡೆ ನೋಡಿ ತಮಿಳಿನಲ್ಲಿ ಕಿಸಕ್ ಎನ್ನುತ್ತಿದ್ದರು. ನಾನು ಮಾತ್ರ ದಿನಾ ನಸುಕಿನಲ್ಲಿ ಎದ್ದು ಫೋನು ಹಿಡಿದು ಅದೇ ಅಕ್ಷರ ತಿದ್ದುತ್ತಿದ್ದೆ. ಅದಕ್ಕಿಂತ ಮೇಲಕ್ಕೇರಲೇ ಇಲ್ಲ.

ಕಾಲ್ ಬರುವ ಹಿಂದಿನ ದಿನ ಸಮೃದ್ಧಿ ಕಣಕ ನಾದುತ್ತಿದ್ದ ನನ್ನ ಪಕ್ಕಕ್ಕೆ ಬಂದು ಕೂತಳು. "ಅತ್ತಿ, ನಾಳೆ ನಾವಿಬ್ಬರೂ ಬಾಯಿ ಬಿಡಂಗಿಲ್ಲ. ಏನೂ ಬರಂಗಿಲ್ಲಂತ ಕುಂದರತೀವಿ. ಆಮ್ಯಾಲ ಇಲ್ಲೇ."

"ಹಂಗೆಲ್ಲಾ ಮಾಡಿದ್ರ ಕಾಲು ಮುರೀತೀನಿ" ಎಂದು ಗದರಿಸಿದೆ.

"ನೀ ಬೈಯೂ ಮುಂದ ನಗಾಕತ್ತೀ ಅತ್ತಿ" ಎಂದಳು ಅವಳು. ನಗುತ್ತಿದ್ದೆನೋ ಏನೋ. ಹಿಟ್ಟಿಗೆ ಎರಡು ಸಲ ಉಪ್ಪು ಹಾಕಿದ್ದಂತೂ ಖರೆ.

ಮರುದಿನ ಶಶಿಧರ, ಸುಜಯಾ ಬಂದರು. ತಾಯಿಯನ್ನು ಕರೆದೊಯ್ಯಲು ತಂಗವೇಲೂ ಬಂದರು. ಫೋನನ್ನು ಡಬ್ಬಿಗೆ ಆನಿಸಿ ನಿಲ್ಲಿಸಿದೆವು. ಕನ್ನಡಕ ಹಾಕಿದ ಒಬ್ಬ ಟೀಚರು ನಗುನಗುತ್ತ ಸಮೃದ್ಧಿಯ ಹೆಸರು ಕೇಳಿದರು. ಸಮೃದ್ಧಿ ತಲೆ ಎತ್ತಿ ಮಾಳಿಗೆಯ ಜಂತಿ ನೋಡಿದಳು. ಅಕ್ಕ ನೋಡುತ್ತಾಳೆಂದು ಆಕಾಶನೂ ಜಂತಿ ನೋಡಿದ. ಮತ್ತೊಂದು ಪ್ರಶ್ನೆ, ಮತ್ತೆ ಜಂತಿ. ಶಶಿಧರ ಕೆಮ್ಮಿದ. ಸುಜಯಾ ಸೆರಗಿನ ಚುಂಗು ಹಿಡಿದು ಹಿಂಡುತ್ತಿದ್ದಳು. ಕುಣಿಯಬೇಕಾಗಿದ್ದ ನನ್ನ ಮನಸ್ಸು ಅವಳ ಮುಖ ನೋಡಿ ಮುದುಡಿಹೋಯಿತು.

ಆಗ ಅಜ್ಜಿ ಕುರ್ಚಿಯಲ್ಲಿ ಕುಳಿತಲ್ಲಿಂದಲೇ ಫೋನಿಗೆ ಕೇಳುವ ಹಾಗೆ ಗಟ್ಟಿಯಾಗಿ ಏನೋ ಹೇಳಿದಳು. ತಂಗವೇಲು ನನ್ನ ಕಿವಿಗೆ ಬಗ್ಗಿದರು. "ಸಿಟ್ಟಾಗಬ್ಯಾಡ್ರಿ ಟೀಚರ್. ಹುಡುಗರದೇನೂ ತಪ್ಪಿಲ್ಲ, ಕಲಿಸಿದಾಕಿನ ದಂಡ, ಆಕಿಗೇ ಒಂದಕ್ಷರ ಬರಂಗಿಲ್ಲ ಅನ್ನಾಕತ್ತಾಳ ನಮ್ಮವ್ವ."

ನನ್ನ ಮನೆಯ ಅನ್ನ ಉಂಡು ಎಂಥ ಮಾತು. ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಏಳುವುದರೊಳಗೆ ಸಮೃದ್ಧಿ ಎದ್ದಿದ್ದಳು. ಮೊದಲು ಅಜ್ಜಿಯ ಕಡೆ, ಆಮೇಲೆ ಫೋನಿನ ಕಡೆ ತಿರುಗಿ, ಮುಖ ಕೆಂಪಗೆ ಮಾಡಿಕೊಂಡು, ಎಲ್ಲೂ ತಡವರಿಸದೆ ತಮಿಳು ಹೊಡೆದಳು. ಫೋನಿನಲ್ಲಿದ್ದವರು ನಗುವುದನ್ನು ನಿಲ್ಲಿಸಿದರು. ತಂಗವೇಲು ಅನುವಾದ ಮಾಡುವುದನ್ನೇ ಮರೆತರು.

"ಏನಂದಳು? ಹೇಳ್ರಲಾ" ಎಂದು ಅವರ ತೋಳು ಹಿಡಿದು ಅಲುಗಿಸಿದೆ.

"ನಮ್ಮ ಅತ್ತಿಗೆ ತಮಿಳು ಬರಂಗಿಲ್ಲ, ಖರೆ. ಆದ್ರೂ ದಿನಾ ನಸುಕಿನ್ಯಾಗ ಎದ್ದು ನಮಗ ಕಲಸಾಕಂತ ಕಲೀತಿದ್ಳು. ನಾವು ಕಲಿತರ ಆಕೀನ್ನ ಬಿಟ್ಟು ಹೋಗ್ತೀವಿ ಅಂತ ಗೊತ್ತಿದ್ದೂ ಕಲಸ್ತಿದ್ಳು. ಹಂತಾ ಟೀಚರ್‌ನ ನೀವು ನೋಡೀರೇನು ಅಂತ ಕೇಳಿದ್ಳ್ರಿ."

ಸಮೃದ್ಧಿ ನನ್ನ ಹೆಗಲಿಗೆ ಬಿದ್ದು ಅತ್ತಳು. "ಆಕಿ ನಿನಗ ಅಂದ್ಳಲ್ಲ ಅತ್ತಿ, ನಾ ಹ್ಯಾಂಗ ಸುಮ್ನಿರಲಿ." ಸುಜಯಾ ಅತ್ತಳು, ಶಶಿಧರ ಮತ್ತೆ ಕೆಮ್ಮಿದ. ಅಜ್ಜಿ ಮಾತ್ರ ಎಲೆಯಡಿಕೆ ಹಾಕಿಕೊಂಡಳು. ಮಗುವನ್ನು ಕೆಣಕಿದರೆ ಬಾಯಿ ಬಿಡುತ್ತದೆ ಎಂದು ಆಕೆಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಆದರೆ ಆಕಾಶ ಮಾತಿಗೆ ತಪ್ಪಿರಲಿಲ್ಲ. ಇನ್ನೂ ಜಂತಿಯನ್ನೇ ನೋಡುತ್ತಿದ್ದ. ಟೀಚರು ಅವನನ್ನು ಕೇಳಿದರು, ಅವನು ತುಟಿ ಬಿಗಿದ. ಎಲ್ಲರೂ ನನ್ನ ಕಡೆ ನೋಡಿದರು. ನಾನು ಅವನ ಮುಂದೆ ಕುಕ್ಕರಗಾಲಿನಲ್ಲಿ ಕೂತೆ.

"ಮಾತಾಡಪ್ಪಾ. ಇಲ್ಲಂದ್ರ ನಿನ್ನ ಅತ್ತಿ ಸೋತಂಗ ಆಗತೈತಿ."

ಅವನು ವಿಚಾರ ಮಾಡಿದ. "ಗೆದ್ದರ ನಿನಗೇನ್ ಸಿಗತೈತಿ?"

ಇಷ್ಟು ವರ್ಷದಲ್ಲಿ ಯಾವ ಮಗುವೂ ನನ್ನನ್ನು ಹೀಗೆ ಕೇಳಿರಲಿಲ್ಲ. "ಏನೂ ಸಿಗಂಗಿಲ್ಲ. ನೀವು ಹೋಗ್ತೀರಿ, ಅಷ್ಟ."

"ಮತ್ಯಾಕ ಗೆಲ್ಲತೀ?"

"ನಿಮ್ಮವ್ವನ್ನ ನೋಡು" ಎಂದೆ. ಅವನು ನೋಡಿದ. ನನ್ನ ಸೆರಗಿಗೆ ಮೂಗು ಒರೆಸಿಕೊಂಡು ಫೋನಿನ ಕಡೆ ತಿರುಗಿ, ಹೆಸರು ಹೇಳಿದ, ಕ್ಲಾಸು ಹೇಳಿದ. ಮನೆಯಲ್ಲಿ ಯಾರ್ಯಾರಿದ್ದೀರಿ ಎಂದು ಅವರು ಕೇಳಿದಾಗ ಎಲ್ಲರಿಗಿಂತ ಮೊದಲು ನನ್ನ ಹೆಸರು ಹೇಳಿದ. ಒಂದೂ ತಪ್ಪಿಲ್ಲ, ತಿರುನೆಲ್ವೇಲಿ ಹುಡುಗರ ಹಾಗೇ ಮಾತಾಡುತ್ತಾನೆ ಎಂದು ತಂಗವೇಲು ಹೊಗಳಿದರು. ಕಲಿತ ಮಗುವಿನ ಮೇಲೆ ನನಗೆ ಅಷ್ಟು ಸಿಟ್ಟು ಬಂದದ್ದು ಅದೇ ಮೊದಲು.