ಶೇಕಡಾ ಎಂಟು

ಪಕ್ಕದ ಮಟಾಟುವಿನ, ಇಲ್ಲಿಯ ಖಾಸಗಿ ಮಿನಿಬಸ್ಸಿನ, ತಗಡಿಗೆ ಕಂಡಕ್ಟರ್ ಅಂಗೈಯಿಂದ ಎರಡು ಸಲ ಬಡಿದ, ಹೊರಡು ಎಂದು ಅದರರ್ಥ, ಆದರೆ ನೈರೋಬಿಯ ವೈಯಾಕಿ ವೇಯಲ್ಲಿ ಯಾವುದೂ ಹೊರಡುತ್ತಿಲ್ಲ, ಮೂರು ಗಂಟೆ ಐದು ನಿಮಿಷ, ಸರ್ಕಾರಿ ಕಚೇರಿಯ ಕೌಂಟರ್ ಮುಚ್ಚುವುದು ನಾಲ್ಕಕ್ಕೆ, ಬಿಸಿಲು ಆ ತಗಡಿನ ಮೇಲೆ ಬಿದ್ದು ಕಣ್ಣು ಚುಚ್ಚುತ್ತಿದೆ, ಸ್ಟೀಲಿನ ಮುಚ್ಚಳದ ಹಾಗೆ — ಬೇಡ, ರಸ್ತೆ ನೋಡು. ಸಾನ್ವಿ ಪಕ್ಕದ ಸೀಟಿನಲ್ಲಿ ಕಂದು ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಾಳೆ, ಮಗಳಿಗೆ ಈಗ ಹದಿನಾಲ್ಕು, ಲೊರೆಶೋದ ಮನೆಯಿಂದ ಹೊರಟಾಗಿನಿಂದ ಕಿಟಕಿಯ ಕಡೆಗೇ ಮುಖ. ಲಕೋಟೆಯಲ್ಲಿರುವುದು ಒಂದೇ ಹಾಳೆ, ಒಪ್ಪಿಗೆ ಪತ್ರ. ಸತ್ತವರು ಏಳು ಜನ, ಏಳು ಮನೆಯವರೂ ಸಹಿ ಹಾಕಿದರೆ ತನಿಖೆಯ ಕಡತವನ್ನು ವರ್ಷಾಂತ್ಯದೊಳಗೆ ಬಹಿರಂಗ ಮಾಡುತ್ತೇವೆ ಎಂದಿದೆ ಸರ್ಕಾರ, ಕೊನೆಯ ದಿನ ಇವತ್ತು, ಡಿಸೆಂಬರ್ ಇಪ್ಪತ್ತು, ಶುಕ್ರವಾರ. ಆರು ಮನೆಯವರದು ಆಗಿದೆ. ಏಳನೆಯದು ನನ್ನದು, ಹನ್ನೊಂದು ದಿನ ಡ್ರಾಯರಿನಲ್ಲಿತ್ತು, ಮೇಲೊಂದು ಕ್ಯಾಲ್ಕುಲೇಟರ್ ಇಟ್ಟಿದ್ದೆ, ಗಾಳಿಗೆ ಹಾರಬಾರದೆಂದು, ಡ್ರಾಯರಿನೊಳಗೆ ಎಲ್ಲಿಯ ಗಾಳಿ.

ನನ್ನ ಹೆಂಡತಿ ಅನುರಾಧಾ ಅವತ್ತು ಕಂಪನಿಯ ವ್ಯಾನಿನಲ್ಲಿ ಬರಬೇಕಿತ್ತು. ವ್ಯಾನ್ ಕೆಟ್ಟಿತ್ತು, ಔಷಧ ಕಾರ್ಖಾನೆಯ ಲ್ಯಾಬ್ ಮುಚ್ಚಿ ಕಸರಾನಿಯ ಹತ್ತಿರ ಮಟಾಟು ಹತ್ತಿದಳು, ಸಂಜೆ ಆರೂ ಹತ್ತು, ಒಂದು ಕಾರು, ಅದರ ಹಿಂದೆ ಇನ್ನೊಂದು, ಏಳು ಜನರನ್ನು ಕೊಂದ ಗುಂಡು ಯಾವ ಕಾರಿನಿಂದ ಹಾರಿತು ಎಂಬುದು ಮೂರು ವರ್ಷದಿಂದ ಆ ಕಡತದಲ್ಲಿದೆ, ಅವಳು ಆ ಕ್ಷಣವೇ ಹೋದಳೋ ಇನ್ನೂ ನಲವತ್ತು ನಿಮಿಷ ಇದ್ದಳೋ ಎಂಬುದೂ ಅದರಲ್ಲಿದೆ. ಬ್ಯಾಗು ಕಳೆದುಹೋಗಿತ್ತು, ಸಿಕ್ಕಿದ್ದು ಊಟದ ಡಬ್ಬಿ. ಅದರ ಮುಚ್ಚಳದ ಮೇಲೆ ಕನ್ನಡದಲ್ಲಿ ಹೆಸರು, ಮದುವೆಯಾದ ಹೊಸತರಲ್ಲಿ ಮೈಸೂರಿನ ಪಾತ್ರೆ ಅಂಗಡಿಯಲ್ಲಿ ಎರಡು ಡಬ್ಬಿ ಕೊಂಡು, ಒಂದರ ಮೇಲೆ ಅವಳದು, ಒಂದರ ಮೇಲೆ ನನ್ನದು, ಆ ಮೆಷಿನ್ನು ಗುರ್ರೆಂದು ಚುಕ್ಕೆ ಚುಕ್ಕೆಯಾಗಿ ಕೊರೆಯುವಾಗ ಅವಳು ಕಿವಿ ಮುಚ್ಚಿಕೊಂಡಿದ್ದಳು. ಪೊಲೀಸರಿಗೆ ಆ ಲಿಪಿ ಗೊತ್ತಾಗಲಿಲ್ಲ, ಫೋಟೋ ಯಾರಿಂದ ಯಾರಿಗೋ ಹೋಗಿ ನಮ್ಮ ಕನ್ನಡದವರ ವಾಟ್ಸ್‌ಆ್ಯಪ್ ಗುಂಪಿಗೆ ಬಂತು, ಇದರಲ್ಲಿ ಏನು ಬರೆದಿದೆ ಯಾರಾದ್ರೂ ಓದಿ ಹೇಳ್ತೀರಾ ಪ್ಲೀಸ್, ಅರ್ಜೆಂಟ್. ಓದಿದವನು ಚಿದಾನಂದ, ಅಪ್ಪರ್ ಹಿಲ್ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವನು. ಫೋನ್ ಮಾಡಿದ, ಗಂಗಾಧರಾ, ಬದುಕಿದ್ಯೇನೋ ಮಾರಾಯಾ, ನಿನ್ನ ಹೆಸರು ಕಣೋ. ನಾನು ನಕ್ಕೆ, ನಿಜವಾಗಿ ನಕ್ಕೆ, ಬದುಕಿದೀನಿ, ಸಂಬಳಾನೂ ಬಂದಿದೆ ಎಂದೆ. ಆಮೇಲೆ ನನ್ನ ಬ್ಯಾಗಿನಿಂದ ಡಬ್ಬಿ ತೆಗೆದು ನೋಡಿದೆ. ಅನುರಾಧಾ. ಬೆಳಿಗ್ಗೆ ಅವಸರದಲ್ಲಿ ಅವಳ ಡಬ್ಬಿಯನ್ನು ನಾನು ತಂದಿದ್ದೆ, ನನ್ನದು ಅವಳ ಹತ್ತಿರ. ಫೋಟೋದಲ್ಲಿ ನನ್ನ ಹೆಸರಿನ ಪಕ್ಕ, ಕೊನೆಯ ಅಕ್ಷರದ ಬುಡದಲ್ಲಿ, ಒಂದು ಅನ್ನದ ಅಗುಳು ಅಂಟಿತ್ತು.

ಒಂದೇ ಅಗುಳು. ಟ್ರಾಫಿಕ್ ಒಂದು ಮೊಳ ಸರಿದು ನಿಂತಿತು, ಮೂರೂ ಹದಿನೆಂಟು. ಆ ಏಳು ಜನರಲ್ಲಿ ಒಬ್ಬ ಹೊರದೇಶದ ಪತ್ರಕರ್ತ, ಅದಕ್ಕೇ ಕಡತದ ಬಗ್ಗೆ ಪ್ರಪಂಚಕ್ಕೆ ಇಷ್ಟು ಕುತೂಹಲ, ಅಕ್ಟೋಬರಿನಲ್ಲಿ ಚಿದಾನಂದನೇ ತೋರಿಸಿದ್ದು, ನೋಡೋ, ಇದ್ರ ಮೇಲೂ ಬೆಟ್ ಕಟ್ತಾರಲ್ಲೋ, ಥೂ, ಎಂಥಾ ಜನ. ಚುನಾವಣೆ, ಮಳೆ, ರಾಜೀನಾಮೆ, ಎಲ್ಲದರ ಮೇಲೂ ಟಿಕೆಟ್ ಮಾರುವ ಒಂದು ವೆಬ್‌ಸೈಟು. ಡಿಸೆಂಬರ್ ಮೂವತ್ತೊಂದರೊಳಗೆ ಕಡತ ಬಿಡುಗಡೆ ಆಗುವುದೇ? ಆಗುತ್ತದೆ, ಎಂಟು ಸೆಂಟು. ಆಗುವುದಿಲ್ಲ, ತೊಂಬತ್ತೆರಡು. ಕೊನೆಗೆ ಯಾವುದು ನಿಜವಾಗುತ್ತದೋ ಆ ಟಿಕೆಟ್ಟಿಗೆ ಒಂದು ಡಾಲರ್. ಅಂದರೆ ಶೇಕಡಾ ಎಂಟು ಸಾಧ್ಯತೆ, ನೈರೋಬಿ ನೋಡಿರದವರು ಸೇರಿ ಕಟ್ಟಿದ ಬೆಲೆ, ಅದು ಸರಿಯಾಗಿಯೇ ಇತ್ತು, ಬ್ಯಾಂಕಿನಲ್ಲಿ ಅಪಾಯ ಅಳೆಯುವುದು ನನ್ನ ಕೆಲಸ, ನಾನು ಆರು ಹಾಕುತ್ತಿದ್ದೆ. ಅವನು ಕಾಫಿಗೆ ಎದ್ದು ಹೋದ ಮೇಲೆ ‘ಆಗುವುದಿಲ್ಲ’ ಮುನ್ನೂರು ಕೊಂಡೆ. ಕಸುಬಿನ ಚಾಳಿ, ನಷ್ಟ ಬರುವ ಕಡೆಗೊಂದು ಆಸರೆ ಇಡುವುದು, ಕಡತ ಬಂದರೆ ಕಡತ, ಬರದಿದ್ದರೆ ಏನೋ ಒಂದಿಷ್ಟು ಎಂದುಕೊಂಡೆ. ಆಮೇಲೆ ಈ ಲಕೋಟೆ ಬಂತು. ಬೆಲೆ ಈಗ ಇಡೀ ಜಗತ್ತಿನಲ್ಲಿ ನನ್ನೊಬ್ಬನ ಕೈಯಲ್ಲಿತ್ತು, ನಾನು ಮಾರಲಿಲ್ಲ, ಸಹಿಯನ್ನೂ ಹಾಕಲಿಲ್ಲ, ಇಪ್ಪತ್ತನಾಲ್ಕು ಡಾಲರ್ ಲಾಭಕ್ಕೆ ಯಾರಾದರೂ ಹೀಗೆ ಮಾಡುತ್ತಾರೆಯೇ, ಇಲ್ಲ, ಹಾಗಾದರೆ ಯಾಕೆ, ಆ ನಲವತ್ತು ನಿಮಿಷ ಓದಲಾರದೆ. ಹೆದರಿಕೆಗೆ ಒಂದು ಟಿಕೆಟ್ ಇಟ್ಟುಕೊಂಡಿದ್ದೆ, ಅಷ್ಟೇ.

ಬೆಳಿಗ್ಗೆ ಸಾನ್ವಿ ನನ್ನ ಫೋನಿನಲ್ಲಿ ಮ್ಯಾಪ್ ಹುಡುಕುತ್ತಾ ಅದನ್ನು ನೋಡಿದಳು. ಅಪ್ಪಾ, ವಾಟ್ ಈಸ್ ದಿಸ್? ಯು ಬೆಟ್ ಅಗೇನ್ಸ್ಟ್ ಅಮ್ಮ? ಹಾಗಲ್ಲ ಪುಟ್ಟಾ, ಇದು ಒಂದು ತರಹದ ಇನ್ಶೂರೆನ್ಸು. ಫಾರ್ ಹೂಮ್? ಅವಳೇ ಹೋಗಿ ಡ್ರಾಯರ್ ತೆಗೆದು ಕ್ಯಾಲ್ಕುಲೇಟರ್ ಪಕ್ಕಕ್ಕಿಟ್ಟಳು.

ಮೂರೂ ನಲವತ್ತೆರಡು, ಕಾರನ್ನು ಎಲ್ಲೋ ಬಿಟ್ಟು ಓಡಿ ಬಂದಿದ್ದೇವೆ, ಅವಳು ಮುಂದೆ, ನಾನು ಹಿಂದೆ. ಮೆಟ್ಟಿಲಿನ ಮೇಲೆ ತಿರುಗಿ ಕೇಳುತ್ತಾಳೆ, ಡಿಡ್ ಯು ಸೆಲ್ ಇಟ್? ಇಲ್ಲ ಪುಟ್ಟಾ, ಪೂರ್ತಿ ಸೋಲಲಿ. ಅವಳು ನನ್ನ ತೋಳು ಹಿಡಿದಳು, ಬೆಳಗಿನಿಂದ ಮೊದಲ ಸಲ. ಕೌಂಟರಿನ ಹೆಂಗಸು ವಯಸ್ಸಾದವಳು, ಪೋಲೆ, ಎನ್ನುತ್ತಾಳೆ, ಅಯ್ಯೋ ಪಾಪ ಅಂದ ಹಾಗೆ, ಇಲ್ಲಿ ಸಾವಿಗೂ ಕಾಲು ಎಡವಿದ್ದಕ್ಕೂ ಅದೇ ಮಾತು, ಇಷ್ಟು ದಿನದಲ್ಲಿ ಇವತ್ತೇ ಅದು ಸರಿಯಾಗಿ ಕೇಳಿಸಿತು. ಸಹಿಗೆ ಮುಂಚೆ ವಸ್ತುವನ್ನು ಗುರುತಿಸಬೇಕಂತೆ, ನಿಯಮ, ಹಾಳೆ ತಿರುಗಿಸಿ ನನ್ನ ಕಡೆ ತಳ್ಳುತ್ತಾಳೆ, ವಸ್ತು ಹದಿನಾಲ್ಕು, ಇದು ನಿಮ್ಮ ಹೆಂಡತಿಯದೇ? ಪೆನ್ನು ಕೈಯಲ್ಲಿದೆ, ಅವಳದಲ್ಲ, ನನ್ನದು, ನನ್ನ ಪಾಲಿನ ಊಟ ಅವಳು ಮಾಡಿದಳು — ಅದೇ ಫೋಟೋವನ್ನು ದೊಡ್ಡದು ಮಾಡಿ ಅಚ್ಚು ಹಾಕಿದ್ದಾರೆ, ಬೆಳ್ಳಗಿನ ಮುಚ್ಚಳ, ಚುಕ್ಕೆ ಚುಕ್ಕೆಯಾಗಿ ನನ್ನ ಹೆಸರು, ಕೊನೆಯ ಅಕ್ಷರದ ಬುಡದಲ್ಲಿ ಅನ್ನದ ಅಗುಳು, ಒಂದೇ, ಒಣಗಿಲ್ಲ ಇನ್ನೂ, ಒಂದೇ ಅಗುಳು