ಸ್ವರಕ್ಕೆ ಮುಂಚಿನ ಉಸಿರು

ನಾನು ಅಂಗೈಯಗಲದ ಒಂದು ವಿಡಿಯೊ ಗೇಮ್ ಪೆಟ್ಟಿಗೆ. ಹುಟ್ಟಿದ್ದು ಜಪಾನಿನ ಕಾರ್ಖಾನೆಯಲ್ಲಿ. ನನಗಿರುವುದು ನಾಲ್ಕೇ ದನಿ: ಎರಡು ಚೀರುತ್ತವೆ, ಒಂದು ಹೇಳಿಕೊಟ್ಟಂತೆ ಹಾಡುತ್ತದೆ, ಇನ್ನೊಂದಕ್ಕೆ ಬರೀ ಬುಸುಗುಡಲು ಬರುತ್ತದೆ. ಕೈಯಿಂದ ಕೈಗೆ ದಾಟಿ ಧಾರವಾಡದ ಗುಜರಿ ಅಂಗಡಿಯಲ್ಲಿ ಬಿದ್ದಿದ್ದ ನನ್ನನ್ನು ಎತ್ತಿಕೊಂಡವಳು ಶಾಂಭವಿ.

ಅವಳ ಅಪ್ಪ ರಾಚಯ್ಯನವರು ಹಾರ್ಮೋನಿಯಂ ರಿಪೇರಿ ಮಾಡುವವರು. ಮಗಳು, ಆಟದ ಬದಲು ಹಾಡು ಕಟ್ಟಲು ಬರುವ ಗೇಮ್ ಕ್ಯಾಸೆಟ್ಟೊಂದನ್ನು ನನ್ನ ಬೆನ್ನಿಗೆ ತುರುಕಿ, ಹೊಸ ವಾದ್ಯದ ದನಿ ರೂಪಿಸಲು ಕೂತಳು. ಪರದೆಯ ಮೇಲೆ ಮೂವತ್ತೆರಡು ಚುಕ್ಕಿ. ಒಂದೊಂದನ್ನೇ ಮೇಲೆ ಕೆಳಗೆ ಸರಿಸಿದಂತೆ ದನಿಯ ಬಣ್ಣ ಬದಲಾಗುತ್ತದೆ. ಅಪ್ಪ ಕೇಳಿ ಮುಖ ಸಿಂಡರಿಸಿದರು.

“ಸ್ವರ ಬರೋಬರಿ ಐತಿ. ಖರೆ, ಇದಕ್ಕ ಉಸಿರ ಇಲ್ಲ ನೋಡವಾ.”

ಅವರು ಹಾರ್ಮೋನಿಯಂನ ಯಾವುದೇ ರೀಡನ್ನು, ಸ್ವರ ಹೊರಡಿಸುವ ಆ ಹಿತ್ತಾಳೆ ಪಟ್ಟಿಯನ್ನು, ಮೊದಲು ಬಾಯಿಂದ ಊದಿ ನೋಡುತ್ತಿದ್ದರು. ಒಂದು ಗಿಡ್ಡ ಉಸಿರು, ಚೂರು ತಡೆ, ಆಮೇಲೆ ಸ್ವರ. ಶಾಂಭವಿ ಅದನ್ನೇ ಹಿಡಿದಳು. ನನ್ನ ಬುಸುಗುಡುವ ದನಿಯನ್ನು ತಿಂಗಳುಗಟ್ಟಲೆ ಕತ್ತರಿಸಿ ತಿದ್ದಿದಳು. ಕೊನೆಗೊಂದು ದಿನ ನಾನು ಥೇಟ್ ರಾಚಯ್ಯನವರಂತೆ ಊದಿದೆ. ಅವರು ಗಟ್ಟಿಯಾಗಿ ನಕ್ಕರು. ನನಗೂ ಹೆಮ್ಮೆಯಾಯಿತು.

ಶ್ರಾವಣದಲ್ಲಿ ಅವರು ತೀರಿಕೊಂಡರು. ಮನೆಯಲ್ಲಿ ಯಾರೂ ಅವರ ದನಿ ಹಿಡಿದಿಟ್ಟಿರಲಿಲ್ಲ. ಉಳಿದದ್ದು ನನ್ನೊಳಗಿನ ಆ ಉಸಿರೊಂದೇ. ಅವರ ಹೆಂಡತಿ ನೀಲಮ್ಮ ದಿನಾ ಸಂಜೆ ನನ್ನನ್ನು ಕಿವಿಗೆ ಹಿಡಿದು ಕೂರುತ್ತಿದ್ದರು.

ಮಹಾನವಮಿಯ ಖಂಡೇಪೂಜೆ ಬಂತು. ಅಂದು ಪ್ರತಿ ವಾದ್ಯವನ್ನೂ ಬಿಚ್ಚಿ, ಒರೆಸಿ, ವಿಭೂತಿ ಹಚ್ಚಿ ಜೋಡಿಸುವುದು ಆ ಮನೆಯ ಪದ್ಧತಿ. ಗಂಡ ನಡೆಸಿಕೊಂಡು ಬಂದದ್ದು ತಪ್ಪಬಾರದೆಂದು ನೀಲಮ್ಮ ನನ್ನ ಕ್ಯಾಸೆಟ್ಟನ್ನೂ ಬಿಚ್ಚಿದರು. ಒಳಗಿದ್ದ ಗುಂಡಿಯಂಥ ಬ್ಯಾಟರಿಯನ್ನು ತೆಗೆದು, ಭಕ್ತಿಯಿಂದ ಒರೆಸಿ, ಮತ್ತೆ ಕೂರಿಸಿದರು. ನೆನಪೆಲ್ಲ ನಿಂತದ್ದೇ ಆ ಬ್ಯಾಟರಿಯ ಮೇಲೆ. ಪಾಪ, ಅವರಿಗೇನು ಗೊತ್ತು? ತಿಂಗಳುಗಳ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಶಾಂಭವಿ ಸ್ವಿಚ್ ಒತ್ತಿದಳು. ಪರದೆ ಖಾಲಿ.

“ಅವ್ವಾ, ಎಲ್ಲಾ ಅಳಿಸಿ ಹೋಗೇತಿ.”

“ಅಯ್ಯೋ ಶಿವನ! ನನ್ನ ಕೈಯಾರೆ ಅವರ ಉಸಿರ ನಿಲ್ಲಿಸಿದ್ನೇನ?” ನೀಲಮ್ಮ ಗೋಡೆಗೊರಗಿ ಕುಸಿದರು.

ಆಗ ಕೇಳಿಸಿತು, ಒಂದು ಗಿಡ್ಡ ಉಸಿರು. ಚೂರು ತಡೆ. ತಾಯಿ ಮಗಳು ಇಬ್ಬರೂ ನನ್ನತ್ತ ತಿರುಗಿ, ಸ್ವರಕ್ಕಾಗಿ ಕಾದರು. ಸ್ವರ ಬರಲಿಲ್ಲ. ಮತ್ತೆ ಅದೇ ಉಸಿರು.

ಈಗ ನನಗೆ ವಯಸ್ಸಾಗಿದೆ. ಪರದೆ ತುಂಬ ಗೆರೆ, ನನ್ನನ್ನು ನಡೆಸುವ ಸೆಲ್ ತೆಗೆದೇ ವರ್ಷಗಳಾದವು. ಹಳೆಯ ಹಾರ್ಮೋನಿಯಂಗಳ ನಡುವೆ ಗೂಡಿನಲ್ಲಿದ್ದೇನೆ. ನೀಲಮ್ಮ ಇಂದಿಗೂ ಸಂಜೆ ಬಂದು ನನಗೆ ಕಿವಿಗೊಡುತ್ತಾರೆ, ಉಸಿರು ಕೇಳುತ್ತಾರೆ, ಸಮಾಧಾನದಿಂದ ಕಣ್ಣೊರೆಸಿಕೊಂಡು ಹೋಗುತ್ತಾರೆ. ಅದು ನನ್ನೊಳಗೇ ಇದೆಯೆಂದು ಅವರ ನಂಬಿಕೆ.

ನನ್ನೊಳಗೆ ಏನೂ ಇಲ್ಲ. ಅವರು ನನ್ನ ಕಡೆ ಬಾಗಿದಾಗ ಆ ಉಸಿರು ಬರುವುದು ಅವರ ಬೆನ್ನ ಹಿಂದಿನಿಂದ.